ಮೆಟ್ಟಿಲ ಕೆಳಗಿನ ಸೈಕಲ್ಲು

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿರುವ ಕಬ್ಬಿಣವೆಲ್ಲ ನೆನಪಿಗೆ ಬರುತ್ತದೆ. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಸುತ್ತಿಗೆ, ಸ್ಕೂಟರು, ನೀರಿನ ಮೋಟರು. ವರ್ಷವಿಡೀ ಬಾಯಿಲ್ಲದೆ ದುಡಿದವಕ್ಕೆಲ್ಲ ಅಂದು ಒಂದು ಸ್ನಾನ, ಒಂದು ಬೊಟ್ಟು, ಒಂದು ತುಂಡು ಹೂವು. ಅರೆಕೆರೆಯ ನಮ್ಮ ಮನೆಯಲ್ಲಿ ಈ ಪಟ್ಟಿಯ ಕೊನೆಗೆ ಒಂದು ಸೈಕಲ್ಲೂ ಇತ್ತು. ಮಹಡಿಗೆ ಹತ್ತುವ ಹೊರಗಿನ ಮೆಟ್ಟಿಲ ಕೆಳಗೆ, ಮೋಟರಿನ ಪಕ್ಕದಲ್ಲಿ, ಗೋಡೆಗೆ ಒರಗಿಕೊಂಡು ನಿಂತಿದ್ದ ಲೇಡೀಸ್ ಸೈಕಲ್ಲು. ಮಗಳು ಎಂಟನೇ ತರಗತಿಗೆ ಹೋದಾಗ, 2011ರಲ್ಲಿ ಕೊಡಿಸಿದ್ದು. ಆಗ ಅದರ ಬಣ್ಣ ನೇರಳೆ. ಹ್ಯಾಂಡಲ್ಲಿನ ಮುಂದೆ ಒಂದು ಬಿಳಿಯ ಬುಟ್ಟಿ. ಆ ಬುಟ್ಟಿಗಾಗಿಯೇ ಅವಳು ಮೂರು ಅಂಗಡಿ ಸುತ್ತಿಸಿದ್ದಳು.

2023ರ ಅಕ್ಟೋಬರ್ 23ರಂದು ಆಯುಧಪೂಜೆ. ಎಂದಿನಂತೆ ಒಂದು ಬಕೆಟ್ ನೀರು ತಂದು ಸೈಕಲ್ಲಿನ ಮೇಲೆ ಸುರಿದೆ. ಕೆಳಗೆ ಇಳಿದ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯಿಂದ ಒರೆಸಲು ಹೋದರೆ ಮಡ್‌ಗಾರ್ಡಿನ ಬಣ್ಣ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಚೈನು ಮುಟ್ಟಿದೆ, ಬಾಗಲಿಲ್ಲ. ಪೆಡಲು ತುಳಿದೆ, ತಿರುಗಲಿಲ್ಲ. ಬೆಲ್ಲಿನ ನಾಲಗೆ ಒತ್ತಿದರೆ ಒಳಗೆ ಏನೋ ಕೆರೆದಂತಾಯಿತೇ ಹೊರತು ಶಬ್ದ ಬರಲಿಲ್ಲ. ಆದರೂ ಅರಿಶಿನ ಕುಂಕುಮ ಹಚ್ಚಿದೆ. ಪದ್ಧತಿ ನೋಡಿ.

ಅದೇ ಹೊತ್ತಿಗೆ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಹಬ್ಬದ ದುಡ್ಡು, ಸೀರೆ ತೆಗೆದುಕೊಂಡು ಹೋಗಲು ಬಂದಳು. ನನಗೆ ತಟ್ಟನೆ ಉದಾರಬುದ್ಧಿ ಉಕ್ಕಿತು. "ಈ ಸೈಕಲ್ ತಗೊಂಡ್ಹೋಗೇ, ನಿನ್ನ ಮಗಳಿಗಾಗತ್ತೆ" ಎಂದೆ. ಅವಳು ಬಗ್ಗಿ ನೋಡಿದಳು. ಹ್ಯಾಂಡಲ್ಲಿನ ಮೇಲೆ ಒಂದು ಬೆರಳು ಎಳೆದಳು. ಬೆರಳು ಕಂದಾಯಿತು. ಅದನ್ನು ಸೆರಗಿಗೆ ಒರೆಸಿಕೊಳ್ಳದೆ (ಹಬ್ಬದ ಸೀರೆ) ಗೋಡೆಗೆ ಒರೆಸಿ, "ರಿಪೇರಿಗೆ ಎಷ್ಟಾಗತ್ತೋ ಅಮ್ಮಾ. ನೋಡ್ತೀನಿ" ಎಂದಳು.

'ನೋಡ್ತೀನಿ' ಎಂದರೆ ಬೇಡ ಎಂದು. ಈ ಭಾಷೆ ನಮಗೆ ಚೆನ್ನಾಗಿ ಗೊತ್ತು. ನಾವೂ ಬಳಸುತ್ತೇವೆ. ಇನ್ನೊಬ್ಬರ ಕೊಡುಗೆಯನ್ನು ನೋಯಿಸದೆ ಹಿಂದಕ್ಕೆ ಕೊಡಬೇಕಾದಾಗ.

ಅವಳು ಹೋದ ಮೇಲೆ ನನಗೆ ನೆನಪಾದದ್ದು ಅದರ ಹಿಂದಿನ ವರ್ಷ, 2022ರ ಜೂನ್ ತಿಂಗಳ ಒಂದು ಬೆಳಗು. ಶಾಲೆಗಳು ಆಗಷ್ಟೇ ಶುರುವಾಗಿದ್ದವು. ಬಟ್ಟೆ ಒಣಗಿಸಲು ಮೆಟ್ಟಿಲು ಹತ್ತುತ್ತಿದ್ದ ಅವಳು ಕೆಳಗೆ ನೋಡಿ, "ಅಮ್ಮಾ, ಆ ಸೈಕ್ಲು ಯಾರೂ ಓಡ್ಸಲ್ವಾ?" ಎಂದು ಕೇಳಿದ್ದಳು. ನಾನು ಹುಳಿಗೆ ತೊಗರಿಬೇಳೆ ತೊಳೆಯುತ್ತಿದ್ದೆ. ತಲೆ ಎತ್ತದೆ, "ಮಗಳು ರಜಕ್ಕೆ ಬಂದಾಗ ಬೇಕಾಗತ್ತೆ ಕಣೆ" ಎಂದಿದ್ದೆ. "ಹೌದಾ ಅಮ್ಮಾ" ಎಂದು ಮೇಲೆ ಹೋಗಿದ್ದಳು. ಅಷ್ಟೇ. ಮಗಳು 2021ರಲ್ಲೇ ಟೊರಾಂಟೊಗೆ ಹೋಗಿದ್ದಳು. ಅದಕ್ಕೂ ನಾಲ್ಕು ವರ್ಷ ಹಿಂದಿನಿಂದ ಅವಳು ಆ ಸೈಕಲ್ಲನ್ನು ಮುಟ್ಟಿರಲಿಲ್ಲ. ರಜಕ್ಕೆ ಬಂದರೆ ಅವಳು ಅದನ್ನು ಓಡಿಸುವುದಿಲ್ಲವೆಂದು ನನಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು.

ಸುಳ್ಳು ಹೇಳಿದೆ ಎನ್ನುವುದಕ್ಕಿಂತ, ಹೇಳುವ ಹೊತ್ತಿಗೆ ಅದು ನಿಜವೇ ಅನ್ನಿಸಿತ್ತು ಎನ್ನಬೇಕು. ಕೊಡುವುದೋ ಬೇಡವೋ ಎಂದು ಯೋಚಿಸುವ ತೊಂದರೆಯನ್ನು ಆ ಒಂದು ಮಾತು ತಪ್ಪಿಸಿತು. ಆಮೇಲೆ ಮಳೆ ಬಂತು. 2022 ಬೆಂಗಳೂರಿನಲ್ಲಿ ಮಳೆ ಹಳೆಯ ದಾಖಲೆಗಳನ್ನೆಲ್ಲ ಮುರಿದ ವರ್ಷ, ನಿಮಗೂ ನೆನಪಿರಬಹುದು. ನಮ್ಮ ಮೆಟ್ಟಿಲ ಕೆಳಗೆ ನೇರವಾಗಿ ಮಳೆ ಬೀಳುವುದಿಲ್ಲ, ಇರಚಲು ಹೊಡೆಯುತ್ತದೆ. ಅದು ಇನ್ನೂ ಕೆಟ್ಟದ್ದು. ನೇರವಾಗಿ ನೆನೆದದ್ದು ಬಿಸಿಲಿಗೆ ಬೇಗ ಒಣಗುತ್ತದೆ. ನೆರಳಲ್ಲಿ ಸದಾ ಹಸಿಯಾಗಿ ಕೂತದ್ದು ಒಣಗುವುದೇ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಜೋರು ಮಳೆ, ನವೆಂಬರಿನಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಬರುವ ಜಿಟಿಜಿಟಿ, ಡಿಸೆಂಬರಿನ ಮಂಜು, ಇಷ್ಟನ್ನೂ ಆ ಸೈಕಲ್ಲು ಅಲ್ಲೇ ನಿಂತು ಕಳೆಯಿತು.

ಹಬ್ಬದ ಮರುದಿನ ನಾನು ಮಾಡಿದ ಮೊದಲ ಕೆಲಸ ಅದನ್ನು ತಳ್ಳಿಕೊಂಡು, ತಳ್ಳಿಕೊಂಡು ಏನು ಬಂತು, ಹಿಂದಿನ ಚಕ್ರ ಎತ್ತಿಕೊಂಡು ಸೈಕಲ್ ಶಾಪಿಗೆ ಹೋದದ್ದು. ಬನ್ನೇರುಘಟ್ಟ ರಸ್ತೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಸೈಕಲ್ ಅಂಗಡಿಗಳಿವೆ. ಅಲ್ಲಿ ಇದನ್ನು ಒಳಗೆ ಬಿಡುತ್ತಾರೆಂಬ ಧೈರ್ಯ ಬರಲಿಲ್ಲ. ಒಳರಸ್ತೆಯಲ್ಲಿ ಒಬ್ಬ ವಯಸ್ಸಾದ ಭಾಯಿ ಇದ್ದಾರೆ. ಒಂದು ಪೆಟ್ಟಿಗೆಯಂಥ ಅಂಗಡಿ, ಹೊರಗೆ ನೀರಿನ ಬಾಂಡಲಿ, ಏರ್ ಪಂಪು, ಮರಕ್ಕೆ ತೂಗುಹಾಕಿದ ಹಳೆಯ ಟೈರುಗಳು. ಅವರು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಮಾತಾಡದೆ ಸುತ್ತ ಒಂದು ಬಾರಿ ನೋಡಿದರು. ಡಾಕ್ಟರುಗಳು ನಾಡಿ ಹಿಡಿದಾಗ ನಾವು ಅವರ ಮುಖ ನೋಡುತ್ತೇವಲ್ಲ, ಹಾಗೆ ನಾನು ಅವರ ಮುಖ ನೋಡುತ್ತಿದ್ದೆ.

"ಅಮ್ಮಾ, ಇದು ಓಡ್ಸಿ ಕೆಟ್ಟಿರೋದಲ್ಲ, ನಿಲ್ಸಿ ಕೆಟ್ಟಿರೋದು" ಎಂದರು.

ಅವರು ದೂರಿದ್ದಲ್ಲ, ರೋಗ ಏನೆಂದು ಹೇಳಿದ್ದು. ಓಡಿಸಿ ಕೆಟ್ಟ ಸೈಕಲ್ಲಿನ ಟೈರು ಸವೆದಿರುತ್ತದೆ, ಪೆಡಲಿನ ರಬ್ಬರು ನುಣುಪಾಗಿರುತ್ತದೆ, ಬ್ರೇಕಿನ ಕಟ್ಟೆ ತೆಳುವಾಗಿರುತ್ತದೆ. ಇದರ ಟೈರಿನಲ್ಲಿ ಹಲ್ಲುಗಳು ಹಾಗೇ ಇದ್ದವು, ಆದರೆ ರಬ್ಬರು ಬಿರುಕುಬಿಟ್ಟಿತ್ತು. ಪೆಡಲು ಹೊಸದರ ಹಾಗೇ ಇತ್ತು, ಆದರೆ ಒಳಗಿನ ಬೇರಿಂಗ್ ಗುಂಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಭಾಯಿ ತುಕ್ಕಿನಲ್ಲಿ ಎರಡು ಜಾತಿ ತೋರಿಸಿದರು. ಮೇಲಿನದು ಕೆಂಪು ಪುಡಿ, ಉಜ್ಜಿದರೆ ಹೋಗುತ್ತದೆ, ಕೆಳಗೆ ಕಬ್ಬಿಣ ಗಟ್ಟಿಯಾಗಿರುತ್ತದೆ. ಇನ್ನೊಂದು ಕಪ್ಪುಗೆಂಪು, ಪದರ ಪದರವಾಗಿ ಏಳುತ್ತದೆ, ಅದರ ಕೆಳಗೆ ಸಣ್ಣ ಸಣ್ಣ ಗುಳಿಗಳು. ಅಲ್ಲಿ ಉಜ್ಜಿದರೆ ಗುಳಿ ಕಾಣುತ್ತದೆ ಅಷ್ಟೇ, ಕಬ್ಬಿಣ ವಾಪಸು ಬರುವುದಿಲ್ಲ.

ಶಾಲೆಯಲ್ಲಿ ಓದಿದ್ದೇ ಇದು. ಕಬ್ಬಿಣಕ್ಕೆ ಗಾಳಿಯೂ ನೀರೂ ಒಟ್ಟಿಗೆ ಸಿಕ್ಕರೆ ತುಕ್ಕಾಗುತ್ತದೆ. ಒಂದೇ ಸಿಕ್ಕರೆ ಆಗುವುದಿಲ್ಲ. ಅಲ್ಯುಮಿನಿಯಮ್ಮೂ ಗಾಳಿಗೆ ಬದಲಾಗುತ್ತದೆ, ಆದರೆ ಅದರ ಮೇಲೆ ಕೂರುವ ತೆಳು ಪೊರೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಊದಿಕೊಂಡು ಸಿಡಿದು ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ಬೀಳುತ್ತದೆ. ಹಳೆಯ ಮನೆಗಳ ಸಜ್ಜಾದಲ್ಲಿ ಸಿಮೆಂಟು ಚೂರು ಚೂರಾಗಿ ಬೀಳುವುದೂ ಇದೇ ಕಾರಣಕ್ಕೆ. ಒಳಗಿನ ಕಂಬಿ ತುಕ್ಕು ಹಿಡಿದು ಊದಿಕೊಂಡು ಗಾರೆಯನ್ನು ಹೊರಕ್ಕೆ ತಳ್ಳುತ್ತದೆ. ಹಿತ್ತಾಳೆ, ತಾಮ್ರಕ್ಕೆ ಬರುವುದಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇದೆ, ಕಿಲುಬು. ಕಿಲುಬು ಬಂದ ಚೊಂಬನ್ನು ಹುಣಿಸೆಹಣ್ಣು ಹಾಕಿ ಉಜ್ಜಿದರೆ ಚೊಂಬು ಮತ್ತೆ ಬೆಳಗುತ್ತದೆ. ತುಕ್ಕು ಹಿಡಿದದ್ದರಲ್ಲಿ ಒಂದು ಪಾಲು ಹೋದದ್ದೇ.

ಎಲ್ಲ ಕಬ್ಬಿಣವೂ ಹೀಗೆಯೇ ಎಂದಲ್ಲ. ದೆಹಲಿಯ ಕುತುಬ್ ಮಿನಾರಿನ ಹತ್ತಿರದ ಸ್ತಂಭ ಸುಮಾರು 1600 ವರ್ಷದಿಂದ ಬಯಲಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೇಲೆ ಕಾಯುವಂಥ ಪೊರೆ ಹುಟ್ಟಿತು ಎಂದು ಲೋಹಶಾಸ್ತ್ರ ಬಲ್ಲವರು ವಿವರಿಸಿದ್ದಾರೆ. ಅಷ್ಟು ದೂರ ಏಕೆ, ನಮ್ಮ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಎದುರು ಒಂದು ಕಬ್ಬಿಣದ ಕಂಬವಿದೆ, ಮಲೆನಾಡಿನ ಆ ಮಳೆಯನ್ನೆಲ್ಲ ಮೈಮೇಲೆ ಹಾಕಿಕೊಂಡು ನಿಂತಿದೆ. ಅವೆಲ್ಲ ರಾಜರ, ದೇವರ ಕಬ್ಬಿಣ. ನಾವು ಐದು ಸಾವಿರಕ್ಕೆ ಕೊಂಡ ಸೈಕಲ್ಲಿಗೆ ಅಂಥ ಭಾಗ್ಯವಿಲ್ಲ. ಅದಕ್ಕೆ ಯಾರಾದರೂ ಒರೆಸಬೇಕು, ಎಣ್ಣೆ ಬಿಡಬೇಕು.

ಎಣ್ಣೆಯ ವಿಷಯ ಬಂದಾಗ ನಾನು ಹೆಮ್ಮೆಯಿಂದ, "ಹೋದ ವರ್ಷ ಚೈನಿಗೆ ಕೊಬ್ಬರಿ ಎಣ್ಣೆ ಹಾಕಿದ್ದೆ ಭಾಯಿ" ಎಂದೆ. ಅವರು ಮೊದಲ ಬಾರಿ ನಕ್ಕರು. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಚೈನಿನಲ್ಲಿ ಗಟ್ಟದೆ ಇರುತ್ತದೆಯೇ? ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿ. ನಮ್ಮ ಡಿಸೆಂಬರಿನ ಬೆಳಗು ಹದಿನೈದು ಹದಿನಾರು. ಗಟ್ಟಿಯಾದ ಎಣ್ಣೆಗೆ ರಸ್ತೆಯ ಧೂಳು ಅಂಟಿ, ಧೂಳಿಗೆ ನೀರು ಅಂಟಿ, ನಾನೇ ಅದಕ್ಕೆ ಒದ್ದೆ ಕಂಬಳಿ ಹೊದಿಸಿದ ಹಾಗಾಗಿತ್ತು. ಇನ್ನು ಪ್ರತಿ ವರ್ಷದ ಆಯುಧಪೂಜೆಯ ಬಕೆಟ್ ನೀರು! ಸುರಿದು, ಒಣಗಿಸದೆ, ಕುಂಕುಮ ಹಚ್ಚಿ ಕೈಮುಗಿದು ಒಳಗೆ ಹೋಗುತ್ತಿದ್ದೆ. ಚೈನಿನ ಸಂದುಗಳಲ್ಲಿ ನಿಂತ ನೀರು ನನ್ನ ಭಕ್ತಿಗೆ ಕಾಯುತ್ತಾ ಕೂರುತ್ತದೆಯೇ?

ಇಲ್ಲಿ ಒಂದು ಮಾತು ಹೇಳಬೇಕು. ಅಡುಗೆಮನೆಯ ಕಬ್ಬಿಣ ನನ್ನ ಕೈಯಲ್ಲಿ ಎಂದೂ ತುಕ್ಕು ಹಿಡಿದಿಲ್ಲ. ದೋಸೆ ಕಾವಲಿಯನ್ನು ತೊಳೆದ ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿ, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ ಇಡುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅಮ್ಮ ಮಾಡುವುದನ್ನು ನೋಡಿ ಬಂತು. ಈಳಿಗೆಮಣೆಯನ್ನೂ ಹಾಗೆಯೇ ನೋಡಿಕೊಂಡೆ. ತೊಳೆ, ಒಣಗಿಸು, ಎಣ್ಣೆ ಸವರು. ಸೈಕಲ್ಲಿಗೆ ಬೇಕಾದದ್ದೂ ಅದೇ ಮೂರು ಕೆಲಸ. ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಕೈಗೆ ಗೊತ್ತಿತ್ತು. ಆದರೆ ಸೈಕಲ್ಲು ಗಂಡಸರ ಖಾತೆಗೆ ಸೇರಿದ್ದು ಎಂದು ಮನಸ್ಸು ಎಲ್ಲೋ ಬರೆದಿಟ್ಟುಕೊಂಡಿತ್ತು. ಮನೆಯ ಗಂಡಸರು ಅದನ್ನು ಹುಡುಗಿಯ ಖಾತೆಗೆ ಬರೆದಿದ್ದರು. ಹುಡುಗಿ ಊರು ಬಿಟ್ಟಿದ್ದಳು.

ಭಾಯಿ ಲೆಕ್ಕ ಹಾಕಿದರು. ಚೈನು, ಎರಡು ಟೈರು, ಟ್ಯೂಬು, ಬ್ರೇಕಿನ ತಂತಿ, ಬೇರಿಂಗ್ ಗುಂಡು ಹೊಸದು. ಫ್ರೀವೀಲನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಬಿಟ್ಟುಕೊಳ್ಳಬಹುದು. ಸೀಟಿನ ಕಂಬ ಚೌಕಟ್ಟಿನೊಳಗೆ ಕಚ್ಚಿಕೊಂಡಿತ್ತು, ಅದಕ್ಕೆ ರಾತ್ರಿಯಿಡೀ ಎಣ್ಣೆ ಕುಡಿಸಿ ಬೆಳಿಗ್ಗೆ ಮೆಲ್ಲಗೆ ತಟ್ಟಬೇಕು, ಜೋರು ಮಾಡಿದರೆ ಚೌಕಟ್ಟೇ ಹೋಗುತ್ತದೆ. ಎಲ್ಲ ಸೇರಿ ಸಾವಿರದ ಎಂಟುನೂರು. "ಗುಜರಿಗೆ ಹಾಕಿದ್ರೆ ಇನ್ನೂರು ಸಿಗತ್ತೆ. ಯೋಚ್ನೆ ಮಾಡಿ" ಎಂದರು. ಹ್ಯಾಂಡಲ್ಲು, ರಿಮ್ಮು, ಕಡ್ಡಿಗಳ ತುಕ್ಕನ್ನು ಮಾತ್ರ ಮನೆಯಲ್ಲೇ ಉಜ್ಜಿಕೊಳ್ಳಿ, ಅದಕ್ಕೆ ಕೂಲಿ ಕೊಟ್ಟರೆ ಪೂರೈಸುವುದಿಲ್ಲ ಎಂದರು. ಆ ಪ್ರಾಮಾಣಿಕತೆಗೇ ನಾನು ಸೋತು ಒಪ್ಪಿಕೊಂಡೆ.

ಒಂದು ವಾರ ಮಧ್ಯಾಹ್ನಗಳನ್ನು ರಿಮ್ಮುಗಳ ಜೊತೆ ಕಳೆದೆ. ಮೊದಲು ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಶುರುಮಾಡಿ, ಹೊಳಪಿನ ಮೇಲೆ ಗೀರು ಬಿದ್ದದ್ದು ನೋಡಿ ನಿಲ್ಲಿಸಿದೆ. ಆಮೇಲೆ ಹುಣಿಸೆಹಣ್ಣು. ಅದರ ಹುಳಿಗೆ ತುಕ್ಕನ್ನು ಕರಗಿಸುವ ಗುಣ ಉಂಟು. ಕಿವುಚಿದ ಹುಣಿಸೆಯನ್ನು ದಪ್ಪಗೆ ಮೆತ್ತಿ ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಕೆಂಪು ಇಳಿಯುತ್ತದೆ. ಆದರೆ ಹುಳಿಯನ್ನು ಹಾಗೇ ಬಿಟ್ಟರೆ ಅದು ಒಳ್ಳೆಯ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ಸೋಡಾಪುಡಿ ಕದಡಿದ ನೀರಿನಿಂದ ತೊಳೆದು, ಅಲ್ಲೇ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಸವರಬೇಕು. ಕ್ರೋಮಿನ ಹೊಳಪಿರುವ ಕಡೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಇನ್ನೂ ಚೆನ್ನ. ಅಲ್ಯುಮಿನಿಯಂ ಕ್ರೋಮಿಗಿಂತ ಮೃದು, ಗೀರು ಬೀಳುವುದಿಲ್ಲ. ಇದನ್ನು ಹೇಳಿಕೊಟ್ಟದ್ದು ಮಗಳು, ಫೋನಿನಲ್ಲಿ.

ಅವಳು ಇಲ್ಲಿದ್ದಾಗ ಸೈಕಲ್ಲನ್ನು ಒಂದು ದಿನ ಒರೆಸಿದವಳಲ್ಲ. ಟೊರಾಂಟೊದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ಲು ಇಟ್ಟುಕೊಂಡು ಚಳಿಗಾಲದಲ್ಲೂ ಓಡಾಡುತ್ತಾಳಂತೆ. ಅಲ್ಲಿ ಹಿಮ ಗಟ್ಟಿಯಾಗದಿರಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ, ಆದರೆ ಅದೇ ಉಪ್ಪುನೀರು ತುಕ್ಕನ್ನು ಓಡೋಡಿ ಬರಿಸುತ್ತದೆ. "ಒಂದು ದಿನ ಬಿಟ್ರೆ ಮಾರನೇ ದಿನ ಚೈನು ಕೆಂಪಾಗಿರತ್ತಮ್ಮ. ಬಂದ ತಕ್ಷಣ ಒರೆಸ್ತೀನಿ, ಎಣ್ಣೆ ಬಿಡ್ತೀನಿ, ಆಮೇಲೇ ಕಾಫಿ" ಎಂದಳು. ಯಾರ ಮಗಳೋ ಮಾತಾಡುತ್ತಿದ್ದಾಳೆ ಅನ್ನಿಸಿತು. ಅಲ್ಲಿ ಆ ಸೈಕಲ್ಲು ಇಲ್ಲದಿದ್ದರೆ ಅವಳ ದಿನ ನಡೆಯುವುದಿಲ್ಲ. ಹಾಗಾಗಿ ಒರೆಸುತ್ತಾಳೆ. ಇಲ್ಲಿ ಅದು ಇಲ್ಲದೆಯೂ ನಮ್ಮೆಲ್ಲರ ದಿನ ನಡೆಯುತ್ತಿತ್ತು. ಒಬ್ಬಳದ್ದು ಬಿಟ್ಟು.

ಉಜ್ಜುವಾಗ ಮನಸ್ಸು ಸುಮ್ಮನಿರುವುದಿಲ್ಲ. ನಾನು ಏನು ತಪ್ಪು ಮಾಡಿದೆ ಎಂದು ಕೇಳಿಕೊಂಡೆ. ಸೈಕಲ್ಲಿಗೆ ನೋವಾಗುವುದಿಲ್ಲ, ಆದ್ದರಿಂದ ಅದಕ್ಕೆ ಅನ್ಯಾಯವಾಯಿತು ಎನ್ನಲಾರೆ. ದುಡ್ಡು ನಮ್ಮದು, ವಸ್ತು ನಮ್ಮದು. ನಮ್ಮ ಯಜಮಾನರು ಇದನ್ನೇ ಹೇಳಿದರು: "ನಿನ್ನ ವಸ್ತು ಕೊಡಲೇಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಕೇಳಿದವರಿಗೆಲ್ಲ ಕೊಡೋದಾದ್ರೆ ಮೊದಲು ನಿನ್ನ ಬೀರು ತೆಗಿ." ಕೆಣಕಲು ಹೇಳಿದ ಮಾತು, ಆದರೆ ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ನನ್ನ ಬೀರುವಿನಲ್ಲಿ ಉಡದೆ ಇಟ್ಟ ರೇಷ್ಮೆ ಸೀರೆಗಳು ಎಷ್ಟಿವೆ ಎಂದು ಹೇಳುವುದಿಲ್ಲ, ನಿಮ್ಮದನ್ನು ನೀವು ಎಣಿಸಿಕೊಳ್ಳಿ. ಜರಿ ಕಪ್ಪಾಗಿ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದು ಆ ಮಡಿಕೆಯ ಗೆರೆಯಲ್ಲೇ ಸೀಳಿದ್ದು ಎರಡು ಸಿಕ್ಕವು. ಅವೂ ಉಟ್ಟು ಹರಿದದ್ದಲ್ಲ.

ಹಾಗೆಂದು ಇರುವುದನ್ನೆಲ್ಲ ಕೊಟ್ಟುಬಿಡಬೇಕು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಮಗಳ ನೆನಪಿಗೆಂದು ಇಟ್ಟುಕೊಳ್ಳುವುದೂ ಒಂದು ಉಪಯೋಗವೇ. ಆ ಬಿಳಿಯ ಬುಟ್ಟಿಯನ್ನು ನೋಡಿ ನಾನು ಎಷ್ಟೋ ಸಂಜೆ ಒಂದು ನಿಮಿಷ ನಿಂತಿದ್ದೇನೆ. ಆದರೆ ನೆನಪಿಗೆಂದು ಇಟ್ಟುಕೊಂಡವಳು ಒರೆಸಿ ಇಟ್ಟುಕೊಳ್ಳುತ್ತಾಳೆ. ನಾನು ಒರೆಸಲಿಲ್ಲ, ಕೊಡಲೂ ಇಲ್ಲ. ನಡುವೆ ಎಲ್ಲೋ ನಿಂತುಬಿಟ್ಟೆ. ಕೇಳಿದರೆ 'ನಾನೇನೂ ಮಾಡಲಿಲ್ಲವಲ್ಲ' ಎನ್ನುವಂಥ ಜಾಗ ಅದು. ನಿಜ, ಏನೂ ಮಾಡಲಿಲ್ಲ. ಕದಿಯಲಿಲ್ಲ, ಬೈಯಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹದಿನಾರು ತಿಂಗಳು ಏನೂ ಮಾಡದೆ ಇದ್ದದ್ದಕ್ಕೆ ಲೆಕ್ಕ ಬರೆಯಲು ಸೈಕಲ್ಲೊಂದು ಇಲ್ಲದಿದ್ದರೆ ನನಗೆ ಅದು ಗೊತ್ತಾಗುತ್ತಲೂ ಇರಲಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಹಬ್ಬದ ದಿನ ಕೊಡಲು ಹೋದದ್ದು. ಕಠೋಪನಿಷತ್ತು ನಚಿಕೇತನ ಕತೆಯಿಂದ ಶುರುವಾಗುತ್ತದಲ್ಲ, ಅಪ್ಪ ಎಲ್ಲವನ್ನೂ ದಾನ ಕೊಡುವ ಯಾಗ ಮಾಡುತ್ತಿದ್ದಾನೆ. ಕೊಡುತ್ತಿರುವ ಹಸುಗಳನ್ನು ಹುಡುಗ ನೋಡುತ್ತಾನೆ. ಅವು ಕುಡಿಯಬೇಕಾದ ನೀರು ಕುಡಿದಾಗಿದೆ, ತಿನ್ನಬೇಕಾದ ಹುಲ್ಲು ತಿಂದಾಗಿದೆ, ಹಾಲು ಮುಗಿದಿದೆ, ಇನ್ನು ಕರು ಹಾಕುವುದಿಲ್ಲ. ಅದನ್ನು ನೋಡಲಾರದೆ ಅವನು 'ನನ್ನನ್ನು ಯಾರಿಗೆ ಕೊಡುತ್ತೀ' ಎಂದು ಕೇಳಿ ಯಮನ ಮನೆಗೆ ಹೋಗುತ್ತಾನೆ. ಉಪನ್ಯಾಸ ಮಾಡುವವರು ಬೇಗ ಯಮನ ಮನೆ ಸೇರಿಬಿಡುತ್ತಾರೆ, ಆತ್ಮ, ಅಮೃತತ್ವ ಎಲ್ಲ ಅಲ್ಲಿದೆ. ಆ ಹಸುಗಳನ್ನು ಹಗ್ಗ ಹಿಡಿದು ಮನೆಗೆ ಹೊಡೆದುಕೊಂಡು ಹೋದವರ ಮನೆಯಾಕೆ ಅಂದು ಸಂಜೆ ಏನೆಂದಳು ಎಂದು ಯಾರೂ ಹೇಳುವುದಿಲ್ಲ. ಹಾಲಿಲ್ಲದ ಹಸುವಿಗೂ ಹುಲ್ಲು ಹಾಕಬೇಕು. ಪುಣ್ಯ ಕೊಟ್ಟವನಿಗೆ, ಹುಲ್ಲಿನ ಖರ್ಚು ತೆಗೆದುಕೊಂಡವರಿಗೆ. ನನ್ನ ಸೈಕಲ್ಲಿನ ಜೊತೆಗೂ ಸಾವಿರದ ಎಂಟುನೂರು ರೂಪಾಯಿಯ ಖರ್ಚು ಹೋಗುತ್ತಿತ್ತು. ಮೆಟ್ಟಿಲ ಕೆಳಗೆ ಜಾಗ ನನಗೆ, ತುಕ್ಕು ಅವಳಿಗೆ.

2019ರ ನವೆಂಬರ್ 24ರಂದು ನಮ್ಮ ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ನಮ್ಮ ಬೀದಿ ಎತ್ತರದಲ್ಲಿದ್ದುದರಿಂದ ಉಳಿಯಿತು. ಬಟ್ಟೆಬರೆ ಕೂಡಿಸುತ್ತಿದ್ದ ಹುಡುಗರ ಕೈಗೆ ನಾನೂ ಒಂದು ಗಂಟು ಕೊಟ್ಟಿದ್ದೆ. ಅದರಲ್ಲಿ ಏನೇನಿತ್ತು ಎಂದು ಈಗ ನೆನಪಿಸಿಕೊಳ್ಳಲು ಇಷ್ಟವಿಲ್ಲ.

ಡಿಸೆಂಬರಿನ ಮೊದಲ ವಾರ ಸೈಕಲ್ಲು ಸಿದ್ಧವಾಯಿತು. ರಿಮ್ಮಿನಲ್ಲಿ ಗುಳಿಗಳು ಹಾಗೇ ಉಳಿದವು, ಮಡ್‌ಗಾರ್ಡಿಗೆ ಭಾಯಿ ಕಪ್ಪು ಬಣ್ಣ ಬಳಿದಿದ್ದರು, ನೇರಳೆ ಸಿಗಲಿಲ್ಲವಂತೆ. ಬೆಲ್ಲು ಮಾತ್ರ ಎಷ್ಟು ಚೆನ್ನಾಗಿ ಬಾರಿಸುತ್ತಿತ್ತೆಂದರೆ ನಾನೇ ದಾರಿಯುದ್ದಕ್ಕೂ ಬಾರಿಸಿಕೊಂಡು ಬಂದೆ. ಮರುದಿನ ಕೆಲಸಕ್ಕೆ ಬಂದವಳಿಗೆ, "ಎಲ್ಲಾ ಸರಿ ಮಾಡ್ಸಿದೀನಿ, ಸಂಜೆ ಮಗಳನ್ನ ಕಳ್ಸು, ತಗೊಂಡ್ಹೋಗ್ಲಿ" ಎಂದೆ. ಒಳಗೊಳಗೇ ಒಂದು ಸಂತೋಷದ ಮುಖಕ್ಕೆ ಕಾದಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಅವಳು ಸಂಕೋಚದಿಂದ ಹೇಳಿದಳು. ಮಗಳಿಗೆ ಸೈಕಲ್ಲು ಬೇಡ. ಅವಳು ಪಿಯುಸಿಗೆ ಬಸ್ಸಲ್ಲೇ ಹೋಗುತ್ತಾಳೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಕಾಸಿಲ್ಲ. ಆಮೇಲೆ ಪಾತ್ರೆಯ ಕಡೆ ನೋಡುತ್ತಾ, "ಆವಾಗ ನಾನ್ ಕೇಳಿದ್ದು ನನಗೇ ಅಮ್ಮಾ" ಎಂದಳು.

ನಾನು ಸುಮ್ಮನೆ ನಿಂತೆ. ಅವಳಿಗೆ ಸೈಕಲ್ಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕನಕಪುರದ ಕಡೆಯ ಹಳ್ಳಿಯಲ್ಲಿ ಚಿಕ್ಕವಳಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತಿದ್ದಳಂತೆ. ಹುಳಿಮಾವಿನ ಆಚೆಯ ಅವಳ ಮನೆಯಿಂದ ಬೆಳಿಗ್ಗೆ ಆರಕ್ಕೆ ಮೊದಲ ಮನೆ, ಏಳೂವರೆಗೆ ಎರಡನೆಯದು, ಆಮೇಲೆ ನಮ್ಮದು, ಮಧ್ಯಾಹ್ನ ಇನ್ನೊಂದು. ಈ ಮನೆಗಳ ನಡುವೆ ಯಾವ ಬಸ್ಸೂ ಹೋಗುವುದಿಲ್ಲ. ಎಲ್ಲವೂ ಕ್ರಾಸುಗಳು. ನಡೆದೇ ಹೋಗಬೇಕು. ಎಂಟು ವರ್ಷದಿಂದ ನನ್ನ ಮನೆಗೆ ಬರುತ್ತಿದ್ದವಳು ಸೈಕಲ್ಲು ಕೇಳಿದರೆ ಅದು ಮಗಳಿಗೇ ಇರಬೇಕು ಎಂದು ನಾನು ತೀರ್ಮಾನಿಸಿದ್ದೆ. ಹುಡುಗಿಯರು ಸೈಕಲ್ಲು ಓಡಿಸುತ್ತಾರೆ, ಕೆಲಸದವರು ನಡೆಯುತ್ತಾರೆ.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಸಾವಿರಾರು ಹೆಂಗಸರು, ಕಲ್ಲುಕ್ವಾರಿಯ ಕೂಲಿಯವರು, ಅಂಗನವಾಡಿಯವರು, ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದಿದ್ದಾರೆ. ನಾನು ಅದನ್ನು ಓದಿ ಮೆಚ್ಚಿ, ಮಹಿಳಾ ಸಮಾಜದ ಸಭೆಯಲ್ಲಿ ಹೇಳಿಯೂ ಇದ್ದೆ. ಪುದುಕ್ಕೋಟೈ ನಮ್ಮ ಅಡುಗೆಮನೆಯಿಂದ ದೂರ ಇತ್ತು, ಮೆಚ್ಚುವುದು ಸುಲಭವಾಗಿತ್ತು.

ಅಂದು ಸಂಜೆ ಅವಳು ನಮ್ಮ ಬೀದಿಯಲ್ಲಿ ಎರಡು ಸುತ್ತು ಹೊಡೆದಳು. ಮೊದಲ ಸುತ್ತಿನಲ್ಲಿ ಸೀರೆಯ ನೆರಿಗೆ ಚೈನಿಗೆ ಸಿಕ್ಕು ಗ್ರೀಸಾಯಿತು. ಎರಡನೆಯದಕ್ಕೆ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದುರು ಮನೆಯವರು ಗೇಟಿಗೆ ಬಂದು ನಿಂತು ನಕ್ಕರು, ಅವಳೂ ನಕ್ಕಳು. "ನೀನು ಮೊದಲೇ ಯಾಕೆ ಹೇಳ್ಲಿಲ್ಲ, ನಿನಗೇ ಅಂತ?" ಎಂದು ಕೇಳಿದೆ. "ಮಗಳಿಗೆ ಬೇಕು ಅಂದ್ರಲ್ಲಾ ಅಮ್ಮಾ" ಎಂದಳು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ನನಗೆ ಈಗಲೂ ತಿಳಿಯುವುದಿಲ್ಲ.

ಕೊಟ್ಟಾದ ಮೇಲೂ ನನ್ನ ಕಣ್ಣು ಆ ಸೈಕಲ್ಲಿನ ಮೇಲೇ ಇರುತ್ತದೆ. ಗೇಟಿನ ಹೊರಗೆ ನಿಲ್ಲಿಸಿರುವುದು ಕಾಣಿಸಿದಾಗಲೆಲ್ಲ ಚೈನು ಒಣಗಿದೆಯೇ, ರಿಮ್ಮಿನ ಆ ಗುಳಿಯ ಹತ್ತಿರ ಮತ್ತೆ ಕೆಂಪಾಗಿದೆಯೇ ಎಂದು ನೋಡುತ್ತೇನೆ. ಆಗಿರುತ್ತದೆ. ಒಮ್ಮೆ ಹಿಡಿದ ಕಡೆ ಬೇಗ ಹಿಡಿಯುತ್ತದೆ ಎಂದು ಭಾಯಿ ಹೇಳಿದ್ದರು. ಮೊದಮೊದಲು 'ಎಣ್ಣೆ ಬಿಟ್ಟೆಯಾ' ಎಂದು ಕೇಳುತ್ತಿದ್ದೆ. ಅವಳು 'ಹೂಂ ಅಮ್ಮಾ' ಎನ್ನುವ ಧಾಟಿಯಲ್ಲೇ ಒಂದು ದಿನ ನನಗೆ ಅರ್ಥವಾಯಿತು, ಸೊಸೆಗೆ ಕೊಟ್ಟ ಒಡವೆಯನ್ನು ಪ್ರತಿ ಹಬ್ಬಕ್ಕೂ ಮುಟ್ಟಿ ನೋಡುವ ಅತ್ತೆಯ ಕೆಲಸ ನಾನು ಮಾಡುತ್ತಿದ್ದೇನೆ ಎಂದು. ಹದಿನಾರು ತಿಂಗಳು ಒರೆಸದವಳಿಗೆ ಕೇಳುವ ಬಾಯಿ ಎಲ್ಲಿಂದ ಬಂತು?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಒಳಗೆ ನೆಲ ಸಾರಿಸುತ್ತಿದ್ದಾಗ ಜೋರು ಮಳೆ ಬಂತು. ಸೈಕಲ್ಲು ಬೀದಿಯಲ್ಲಿತ್ತು. ನಾನು ಕೊಡೆ ಹಿಡಿದು ಓಡಿ ಗೇಟು ತೆಗೆದೆ, ಮೆಟ್ಟಿಲ ಕೆಳಗೆ ತಂದು ನಿಲ್ಲಿಸೋಣವೆಂದು. "ಬಿಡೀ ಅಮ್ಮಾ, ಅಲ್ಲಿ ಇರಚಲು ಹೊಡೆಯುತ್ತೆ" ಎಂದು ಒಳಗಿನಿಂದ ಕೂಗಿದಳು. "ನೆನೀಲಿ, ಆಮೇಲೆ ಒರೆಸ್ಕೋತೀನಿ." ಮಳೆ ನಿಂತ ಮೇಲೆ ಬುಟ್ಟಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಣಬಟ್ಟೆ ತೆಗೆದು, ಸೀಟು, ಹ್ಯಾಂಡಲ್ಲು, 'ಯು' ಬಾರು, ಚೈನು ಎಂದು ಒಂದೊಂದಾಗಿ ಒರೆಸಿ ಬಟ್ಟೆಯನ್ನು ಮತ್ತೆ ಸುತ್ತಿಟ್ಟುಕೊಂಡಳು. ಬಟ್ಟೆ ನನ್ನ ಹಳೆಯ ಮೈಸೂರು ಸಿಲ್ಕಿನ ತುಂಡು. ಮಡಿಕೆಯಲ್ಲಿ ಸೀಳಿದ್ದ ಆ ಎರಡರಲ್ಲಿ ಒಂದು. ಅದು ಅವಳ ಮನೆಗೆ ಹೇಗೆ ಹೋಯಿತು ಎಂದು ಯೋಚಿಸುತ್ತಾ ನಿಂತೆ. ನಾನೇ ಕೊಟ್ಟಿದ್ದೆ, ಹಬ್ಬದ ದಿನ, ಉಡಲು.